ಏಳೆಂಟ್ಲ ಐವತ್ತಾರು

ಹೋದ ವರ್ಷ ಬೇಸಿಗೆ ರಜೇಲಿ ತಿಪಟೂರಿಗೆ ಹೋದಾಗ ಆಗಿದ್ದಿದು, ಬರೀಬೇಕು ಬರೀಬೇಕು ಅಂತ ಇಷ್ಟು ದಿನ ತಳ್ಕೊಂಡೇ ಬಂದೆ. ಸೋದರಮಾವನ ಮನೆ ಜಗಲಿ ಮೇಲೆ ನನ್ನ ಮಗಳು ಕಾಲು ಇಳಿಬಿಟ್ಕೊಂಡು ಕೂತು ಏಳರ ಮಗ್ಗಿ ಬಾಯಿಪಾಠ ಮಾಡ್ತಾ ಇದ್ಲು (ಮಾಡ್ತಾ ಇದ್ಲು ಅಂದ್ರೆ ನಾನು ಫೋನ್ ಕಿತ್ಕೊಂಡು ಕೂರಿಸಿದ್ದೆ). ಏಳೊಂದ್ಲ ಏಳು, ಏಳೆರಡ್ಲ ಹದ್ನಾಕು ಅಂತ ರಾಗವಾಗಿ ಶುರು ಮಾಡಿದ್ಲು, ಏಳೇಳ್ಲ ನಲವತ್ತೊಂಬತ್ತು ತನಕ ಬಂದು ಏಳೆಂಟ್ಲ... ಏಳೆಂಟ್ಲ... ಅಂತ ನಿಂತ್ಬಿಟ್ಲು. ಎಲ್ರೂ ನಿಲ್ಲೋದು ಅಲ್ಲೇ ತಾನೆ. ಆಗ ಪಕ್ಕದ ಕುರ್ಚಿಯಿಂದ ಒಂದು ಧ್ವನಿ, "ಐವತ್ತಾರು. ಏಳೊಂಬತ್ಲ ಅರವತ್ಮೂರು. ಏಳ್ಹತ್ಲ ಎಪ್ಪತ್ತು."

ಒಳಗೆ ಅತ್ತೆ ಕೈಯಲ್ಲಿದ್ದ ಲೋಟ ಹಾಗೇ ಬಿಟ್ಟು ಓಡಿ ಬಂದ್ರು. ಯಾಕಂದ್ರೆ ಮಾವ ಮಾತಾಡಿ ಮೂರು ತಿಂಗಳಾಗಿತ್ತು.

ಸಂಕ್ರಾಂತಿ ಆದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜೋಕೆ ಅಂತ ಹೋದೋರು ಬಚ್ಚಲಲ್ಲೇ ಕುಸಿದಿದ್ರು. ಊರೋರು ಲಕ್ವ ಹೊಡೀತು ಅಂದ್ರು, ಸ್ಕ್ಯಾನ್ ರಿಪೋರ್ಟಲ್ಲಿ ಮೆದುಳಿನ ಎಡಗಡೆ ರಕ್ತ ನಿಂತಿದೆ ಅಂತ ಬರ್ದಿತ್ತು. ಬಲಗೈ ಬಲಗಾಲು ಎರಡೂ ಹೋಯ್ತು, ಕಾಲು ಫಿಜಿಯೋಥೆರಪಿಲಿ ಅರ್ಧಂಬರ್ಧ ವಾಪಸ್ ಬಂತು, ಮಾತು ಮಾತ್ರ ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಪೂರ್ತಿ ಹೋಗಿತ್ತು ಅಂತಾನೂ ಅಲ್ಲ, ಒಂದೇ ಒಂದು ಪದ ಉಳ್ಕೊಂಡಿತ್ತು, "ಅದೇ". ಕಾಫಿ ಬೇಕಾ ಮಾವ? ಅದೇ. ಯಾರು ಬಂದಿದ್ರು? ಅದೇ. ಸಿಟ್ಟು ಬಂದ್ರೆ ಅದೇ ಅದೇ ಅದೇ. ನಾವು ಹೇಳೋದೆಲ್ಲ ಅರ್ಥ ಆಗ್ತಿತ್ತು, ಪೇಪರ್ ಓದ್ತಿದ್ರು, ಟೀವಿ ನೋಡಿ ನಗಬೇಕಾದ ಕಡೆ ನಗ್ತಿದ್ರು, ಹೇಳಬೇಕಾದ್ದು ನಾಲಿಗೆ ತುದಿ ತನಕ ಬಂದು ಅಲ್ಲಿ ಎಲ್ಲವೂ "ಅದೇ" ಆಗ್ಬಿಡ್ತಿತ್ತು. 34 ವರ್ಷ ಮಿಡ್ಲ್ ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೋರು, ಕ್ಲಾಸಲ್ಲಿ ಬಾಯಿ ಮುಚ್ಚಿದ್ದೇ ಇಲ್ಲ ಅಂತಾರೆ.

ಇಂಥದ್ದಕ್ಕೂ ಮೆದುಳಿನ ಒಂದು ಜಾಗಕ್ಕೂ ಇರೋ ನಂಟು ಸರಿಯಾಗಿ ಕಾಗದಕ್ಕೆ ಬಂದಿದ್ದು 1861ರಲ್ಲಿ, ಪ್ಯಾರಿಸ್ ಹತ್ರದ ಒಂದು ಆಸ್ಪತ್ರೇಲಿ. ಪಾಲ್ ಬ್ರೋಕಾ ಅಂತ ಡಾಕ್ಟರು, ಅವರ ಪೇಶೆಂಟ್ ಏನು ಕೇಳಿದ್ರೂ "ಟಾನ್ ಟಾನ್" ಅಂತಿದ್ನಂತೆ, ಆಸ್ಪತ್ರೇಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಅವನು ಸತ್ತ ಮೇಲೆ ತಲೆ ತೆಗೆದು ನೋಡಿದ್ರೆ ಎಡಗಡೆ ಹಣೆಯ ಹಿಂದೆ, ಸ್ವಲ್ಪ ಕೆಳಗೆ ಪೆಟ್ಟಾಗಿತ್ತು, ಆ ಜಾಗಕ್ಕೇ ಈಗ ಬ್ರೋಕಾ ಏರಿಯಾ ಅನ್ನೋದು. ಇದನ್ನ ಓದಿದಾಗ ನನಗೆ ಹೊಟ್ಟೆ ತೊಳಸಿದ ಹಾಗಾಯ್ತು, ನಮ್ಮನೇಲೂ ಪಕ್ಕದ ಮನೆ ಹುಡುಗರು ಆಗ್ಲೇ "ಅದೇ ತಾತ" ಅನ್ನೋಕೆ ಶುರು ಮಾಡಿದ್ರು.

ಸರಿ, ಜಗಲಿಗೆ ವಾಪಸ್ ಬರ್ತೀನಿ. ಅತ್ತೆ ಅಳ್ತಾ ಇದ್ರು, ನಾನು ಮಂಡಿ ಊರಿ ಕೂತು "ಮಾವ, ಏಳೆಂಟ್ಲ ಎಷ್ಟು ಹೇಳಿ" ಅಂತ ಕೇಳಿದೆ. ಮಾವ ನನ್ನ ನೋಡಿದ್ರು. ಬಾಯಿ ತೆಗೆದ್ರು. "ಅದೇ" ಅಂದ್ರು. ಮತ್ತೆ ಕೇಳಿದೆ, ಮತ್ತೆ ಅದೇ, ಈ ಸಲ ಕಣ್ಣಲ್ಲಿ ನೀರು. ನನ್ನ ಮಗಳಿಗೆ ಇದೆಲ್ಲ ಗೊತ್ತಿಲ್ವಲ್ಲ, ಅವಳು ತನ್ನ ಪಾಡಿಗೆ ಎಂಟೊಂದ್ಲ ಎಂಟು ಅಂತ ಶುರು ಮಾಡಿದ್ಲು, ಮಾವನ ಎಡಗೈ ಕುರ್ಚಿ ಹಿಡಿ ಮೇಲೆ ತಟ್ಟೋಕೆ ಶುರುವಾಯ್ತು, ಎಂಟ್ಮೂರ್ಲ ಹೊತ್ತಿಗೆ ಬಾಯಿ ಸೇರ್ಕೊಂಡಿತ್ತು, ಎಂಟರದ್ದು ಪೂರ್ತಿ ಹೇಳಿದ್ರು. ಅಂದ್ರೆ ಓಡ್ತಿರೋ ಬಸ್ಸು ಹತ್ತಬಲ್ಲರು, ನಿಂತಿರೋ ಬಸ್ಸು ಸ್ಟಾರ್ಟ್ ಮಾಡೋಕೆ ಆಗಲ್ಲ.

ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಅಲ್ಲಿಂದ ಶುರುವಾಯ್ತು ನನ್ನ ಓದೋ ಹುಚ್ಚು. ನಾನು ಡಾಕ್ಟ್ರಲ್ಲ, ಬ್ಯಾಂಕಲ್ಲಿ ಕೆಲಸ, ಚಿಕ್ಕವನಿದ್ದಾಗ ಮೂರು ವರ್ಷ ಮೃದಂಗ ಕಲಿತು ಬಿಟ್ಟೋನು, ಅಷ್ಟೇ ನನ್ನ ಯೋಗ್ಯತೆ, ಅದನ್ನ ಇಟ್ಕೊಂಡು ಓದಿ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಸುದ್ದಿ ಹಾಕಿದ ಅರ್ಧ ಗಂಟೇಲಿ ಎಲ್ರೂ ಒಂದೇ ಥರ, ಹಾಡಿಸಿ ಹಾಡಿಸಿ, ಸಂಗೀತ ಬಲಗಡೆ ಮೆದುಳಲ್ಲಿರೋದು ಅದಕ್ಕೇನೂ ಆಗಿಲ್ಲ, ಹಾಡಿಂದ ಮಾತು ಬರುತ್ತೆ ಅಂತ ವೀಡಿಯೋ ಮೇಲೆ ವೀಡಿಯೋ. ತೊಂದ್ರೆ ಏನಂದ್ರೆ ಮಾವನಿಗೆ ಜನ್ಮದಲ್ಲಿ ಶ್ರುತಿ ಸೇರಿದ್ದಿಲ್ಲ. ಭಜನೆಗೆ ಕೂತ್ರೆ ಅತ್ತೆ ಮೊಣಕೈಯಲ್ಲಿ ತಿವಿಯೋರು. ಅವರ ಬಾಯಿಂದ ಬಂದಿದ್ದು ಮಗ್ಗಿ, ಮಗ್ಗೀಲಿ ಎಲ್ಲಿದೆ ರಾಗ, ಎರಡು ಸ್ವರ ಹೆಚ್ಚು ಕಮ್ಮಿ. ಇರೋದೆಲ್ಲ ತಾಳ.

ಎಡ ಅಂದ್ರೆ ಮಾತು ಬಲ ಅಂದ್ರೆ ಸಂಗೀತ ಅನ್ನೋದು ಪೂರ್ತಿ ಸುಳ್ಳೂ ಅಲ್ಲ. 2020ರಲ್ಲಿ ಕೆನಡಾದ ರಾಬರ್ಟ್ ಜಟೋರೆ ಮತ್ತವರ ಜೊತೆಯವರು ಒಂದು ಚಂದದ ಪ್ರಯೋಗ ಪ್ರಕಟಿಸಿದ್ರು. ಹತ್ತು ಸಾಲು, ಹತ್ತು ಮಟ್ಟು, ಪ್ರತಿ ಸಾಲನ್ನೂ ಪ್ರತಿ ಮಟ್ಟಲ್ಲೂ ಹಾಡಿಸಿ ವಾದ್ಯ ಇಲ್ಲದ ನೂರು ಪುಟಾಣಿ ಹಾಡು ಮಾಡ್ಕೊಂಡ್ರು. ಆಮೇಲೆ ಆ ಧ್ವನೀಲಿರೋ ಕಾಲದ ಸೂಕ್ಷ್ಮ ಕೆಡಿಸಿದ್ರೆ ಪದ ಅರ್ಥ ಆಗ್ತಿರ್ಲಿಲ್ಲ, ಮಟ್ಟು ಮಾತ್ರ ಸಿಗ್ತಿತ್ತು. ಸ್ವರದ ಸೂಕ್ಷ್ಮ ಕೆಡಿಸಿದ್ರೆ ಉಲ್ಟಾ, ಪದ ಕೇಳ್ತು ಮಟ್ಟು ಮಾಯ. ಮೊದಲನೇದು ಎಡ ಕಿವಿ ಹತ್ರದ ಮೆದುಳಿನ ಭಾಗದ ಕೆಲಸ, ಎರಡನೇದು ಬಲದ್ದು. ಆದ್ರೆ ತಾಳ? ತಾಳ ಬರೀ ಎಡದ್ದೂ ಅಲ್ಲ ಬರೀ ಬಲದ್ದೂ ಅಲ್ಲ, ಕಿವಿ ಹತ್ರದ ಜಾಗದಲ್ಲೇ ಮುಗಿಯೋದೂ ಇಲ್ಲ. 2007ರಲ್ಲಿ ಜೆಸ್ಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ ಅನ್ನೋರು ಜನರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ಬರೀ ಟಕ್ ಟಕ್ ಕೇಳಿಸಿದ್ರು, ತಾಳ ಹಿಡಿಯೋಕಾಗೋ ಥರ ಟಕ್ ಟಕ್ ಬಂದಾಗ ಬೇಸಲ್ ಗ್ಯಾಂಗ್ಲಿಯಾ ಅಂತ ಮೆದುಳಿನ ಒಳಗೆ ಆಳದಲ್ಲಿರೋ ಗಂಟುಗಳು ಚುರುಕಾದ್ವು, ಕೈಕಾಲು ಅಲ್ಲಾಡಿಸೋಕೆ ಯೋಜನೆ ಹಾಕೋ ಭಾಗಾನೂ ಎದ್ದು ಕೂತ್ಕೊಳ್ತು. ಕೇಳುವಾಗ ಯಾರೂ ತಾಳಕ್ಕೆ ಬೆರಳೂ ಅಲ್ಲಾಡಿಸಿರ್ಲಿಲ್ಲ! ತಾಳ ಕೇಳೋದು ಅಂದ್ರೆ ಮೆದುಳಿನ ಪಾಲಿಗೆ ಅರ್ಧ ಕುಣಿದ ಹಾಗೇನೇ. ಪಾರ್ಕಿನ್‌ಸನ್ ಬಂದೋರು ಹೆಜ್ಜೆ ಕಿತ್ತಿಡೋಕಾಗದೆ ನಿಂತ್ಬಿಟ್ಟಾಗ ಮೆಟ್ರೋನೋಮ್ (ಒಂದೇ ವೇಗದಲ್ಲಿ ಟಕ್ ಟಕ್ ಅನ್ನೋ ಯಂತ್ರ) ಹಾಕಿದ್ರೆ ನಡೀತಾರಲ್ಲ, ಅದೂ ಇದೇ ಮನೆ ವ್ಯವಹಾರ, ಅವರಲ್ಲಿ ಕೆಟ್ಟಿರೋದೂ ಅಲ್ಲೇ.

ಹಾಡಿಗೂ ಮಾತು ಹೋದೋರಿಗೂ ಇರೋ ನಂಟು ಹೊಸದಲ್ಲ. 1745ರಲ್ಲಿ ಸ್ವೀಡನ್‌ನ ಓಲೋಫ್ ಡಾಲಿನ್ ಬರೆದಿಟ್ಟಿದ್ದಾರೆ, ಬಲಗಡೆ ಬಿದ್ದುಹೋಗಿ ಹೌದು ಅನ್ನೋದು ಬಿಟ್ರೆ ಬೇರೆ ಮಾತೇ ಬರದ ಒಬ್ಬ ಮನುಷ್ಯ ಚರ್ಚಿನ ಹಾಡುಗಳನ್ನ ಸ್ಪಷ್ಟವಾಗಿ ಹಾಡ್ತಿದ್ದ, ಮೊದಲಲ್ಲಿ ಯಾರಾದ್ರೂ ಜೊತೆಗೂಡಿ ಎತ್ತಿಕೊಟ್ರೆ ಸಾಕು ಅಂತ. ನಾನು ಓದ್ತಾ ಓದ್ತಾ ಕುರ್ಚಿಯಿಂದ ಎದ್ದಿದ್ದು ಮುಂದಿನ ಸಾಲಿಗೆ: ಅದೇ ಥರ ಸಹಾಯ ಕೊಟ್ರೆ ಕೆಲವು ಪ್ರಾರ್ಥನೆಗಳನ್ನ ಹಾಡದೇನೇ, ಒಂದು ಲಯದಲ್ಲಿ ಜೋರಾಗಿ ಹೇಳ್ತಿದ್ನಂತೆ. ಹಾಡದೇನೇ! 280 ವರ್ಷದ ಹಿಂದೆ ಸ್ವೀಡನ್ನಲ್ಲಿ ನಮ್ಮ ಮಾವ.

ಬೆಂಗಳೂರಿಗೆ ಕರ್ಕೊಂಡು ಬಂದು ಸ್ಪೀಚ್ ಥೆರಪಿಗೆ ಹಾಕಿದ್ವಿ. ಥೆರಪಿಸ್ಟು ಚಿಕ್ಕ ಹುಡುಗಿ, ತುಂಬಾ ತಾಳ್ಮೆ. ಮಾವನ ಎಡಗೈ ಹಿಡ್ಕೊಂಡು ಅಕ್ಷರಕ್ಕೊಂದು ತಟ್ಟು, ಮೊದಲು ಬಾಯಿ ಮುಚ್ಚಿ ಹ್ಮ್ ಹ್ಮ್, ಆಮೇಲೆ ಅದೇ ಮಟ್ಟಲ್ಲಿ ಪದ, ಆಮೇಲೆ ಅವಳ ಧ್ವನಿ ನಿಧಾನಕ್ಕೆ ಕಮ್ಮಿ. ಇದರ ಹೆಸರು ಮೆಲೋಡಿಕ್ ಇಂಟೋನೇಷನ್ ಥೆರಪಿ, ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಅಂತ ಮೂವರು 1973ರಲ್ಲಿ ಪ್ರಕಟಿಸಿದ್ದು. ಎರಡೇ ಸ್ವರ, ಒಂದು ಮೇಲೆ ಒಂದು ಕೆಳಗೆ, ಮಾತಲ್ಲಿ ಎಲ್ಲಿ ಒತ್ತು ಬೀಳುತ್ತೋ ಅಲ್ಲಿ ಮೇಲಿನ ಸ್ವರ. ಅಮೆರಿಕದ ಇಂಗ್ಲಿಷಿಗೆ ಅಂತ ಹೊಲಿದ ಅಂಗಿ ಇದು. ಇಂಗ್ಲಿಷಲ್ಲಿ ಪದದ ಯಾವುದೋ ಒಂದು ಅಕ್ಷರದ ಮೇಲೆ ಕೂತು ಗುದ್ದಿ ಉಳಿದಿದ್ದನ್ನ ನುಂಗಿಬಿಡ್ತಾರೆ, ನಾವು ಹಾಗೆ ಮಾಡಲ್ವಲ್ಲ. ಥೆರಪಿಸ್ಟು "ಕಾಫೀ ಕೊಡುಊ" ಅಂತ ಮೇಲೆ ಕೆಳಗೆ ಮಾಡಿದಾಗ ಮಾವ ಅವಳನ್ನ ಹೊರರಾಜ್ಯದೋಳನ್ನ ನೋಡಿದ ಹಾಗೆ ನೋಡಿದ್ರು, ಪಾಪ ಅವಳು ಹಾಸನದ ಹುಡುಗಿ.

ಇಲ್ಲಿ 2011ರ ಒಂದು ಜರ್ಮನ್ ಅಧ್ಯಯನದ ಬಗ್ಗೆ ಹೇಳ್ಲೇಬೇಕು, ನನಗೆ ದಾರಿ ತೋರಿಸಿದ್ದು ಅದು. ಲೈಪ್ಜಿಗ್‌ನ ಬೆನ್ಯಾಮಿನ್ ಸ್ಟಾಲ್ ಅನ್ನೋರು, ಮಾವನ ಥರಾನೇ ಮಾತು ನಿಂತೋಗಿದ್ದ 17 ಜನರನ್ನ ಇಟ್ಕೊಂಡು ನೋಡಿದ್ರು, ಹಾಡಿಸಿದಾಗ ಎಷ್ಟು ಸರಿಯಾಗಿ ಬರುತ್ತೆ, ಹಾಡದೇ ಬರೀ ತಾಳಕ್ಕೆ ಹೇಳಿಸಿದಾಗ ಎಷ್ಟು, ತಾಳ ತಪ್ಪಿಸಿದಾಗ ಎಷ್ಟು. ಹಾಡಿದ್ದಕ್ಕೂ ತಾಳಕ್ಕೆ ಹೇಳಿದ್ದಕ್ಕೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಕೆಲಸ ಮಾಡ್ತಿದ್ದಿದ್ದು ತಾಳ, ಅದರಲ್ಲೂ ಬೇಸಲ್ ಗ್ಯಾಂಗ್ಲಿಯಾಗೆ ಪೆಟ್ಟಾದೋರಿಗೆ ಹೊರಗಿಂದ ಕೊಟ್ಟ ತಾಳದ ಆಸರೆ ಹೆಚ್ಚು ಬೇಕಾಗಿತ್ತು. ಇನ್ನೊಂದು, ಸಾಲು ಬಾಯಿಗೆ ಎಷ್ಟು ರೂಢಿ ಆಗಿದೆ ಅನ್ನೋದು. ಸಾವಿರ ಸಲ ಹೇಳಿರೋ ಸಾಲು ಪೆಟ್ಟಾದ ಜಾಗದ ಅಪ್ಪಣೆ ಕೇಳದೆ ಬೇರೆ ದಾರೀಲಿ ಬಂದ್ಬಿಡುತ್ತೆ. ಅದಕ್ಕೇ ಮಗ್ಗಿ! ತಾಳಾನೂ ಇದೆ, 34 ವರ್ಷದ ರೂಢೀನೂ ಇದೆ. ಅದಕ್ಕೇನೇ ಏಳೆಂಟ್ಲ ಎಷ್ಟು ಅಂತ ಕೇಳಿದ್ರೆ ಬರಲ್ಲ, ಯಾಕಂದ್ರೆ ಅದು ಮಗ್ಗಿ ಅಲ್ಲ, ಪ್ರಶ್ನೆ. ಪ್ರಶ್ನೆಗೆ ಉತ್ತರ ಹೊಸದಾಗಿ ಕಟ್ಟಬೇಕು.

ರಾಗದ ಪಕ್ಷದೋರು ಸುಮ್ನೆ ಕೂತಿಲ್ಲ ಅನ್ನೋದನ್ನೂ ಹೇಳ್ಬೇಕು, ಗಾಟ್‌ಫ್ರೀಡ್ ಶ್ಲಾಗ್ ಅನ್ನೋರು 2009ರಲ್ಲಿ ಆರು ಪೇಶೆಂಟುಗಳಿಗೆ ಹಾಡಿನ ಥೆರಪಿ ಕೊಟ್ಟು ಮೆದುಳಿನ ಬಲಗಡೆಯ ನರದ ನಾರಿನ ಕಟ್ಟು ಬಲಿತಿರೋದನ್ನ ತೋರಿಸಿದ್ದಾರೆ. ಜಗಳ ನಡೀತಾ ಇದೆ. ನಾನು ತಾಳದ ಪಾರ್ಟಿ, ಮಾವನ ಶ್ರುತಿ ಕೇಳಿದ್ರೆ ನೀವೂ ಈ ಪಾರ್ಟಿಗೇ ಬರ್ತೀರಿ.

ಹಾಗಾದ್ರೆ ಕನ್ನಡದ ತಾಳ ಯಾವುದು? ಇದಕ್ಕೆ ಉತ್ತರ ಹತ್ತನೇ ಕ್ಲಾಸ್ ಪುಸ್ತಕದಲ್ಲೇ ಇತ್ತು, ನಾವು ನಾಕು ಮಾರ್ಕ್ಸಿಗೆ ಕಲಿತು ಮರೆತಿದ್ವಿ. ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ! ಹ್ರಸ್ವ ಲಘು, ಒಂದು ಮಾತ್ರೆ. ದೀರ್ಘ ಗುರು, ಎರಡು ಮಾತ್ರೆ. ಅನುಸ್ವಾರ ಇದ್ರೆ ಗುರು, ಒತ್ತಕ್ಷರದ ಹಿಂದಿನದು ಗುರು. ನಾವೆಲ್ಲ ಅದು ಹಳಗನ್ನಡ ಕವಿಗಳ ಕಾಟ ಅಂದ್ಕೊಂಡಿದ್ವಿ, ಆದ್ರೆ ಅದು ನಾವು ದಿನಾ ಮಾತಾಡೋ ಗಡಿಯಾರ. ಭಾಷೆಗಳ ನಡಿಗೆ ಬೇರೆ ಬೇರೆ ಅಂತ ಕೆನೆತ್ ಪೈಕ್ 1945ರಲ್ಲಿ ಹೆಸರಿಟ್ರು, ಇಂಗ್ಲಿಷ್ ಥರದ್ದು ಒತ್ತಿನಿಂದ ಒತ್ತಿಗೆ ಹೆಜ್ಜೆ ಹಾಕೋದು, ಇನ್ನು ಕೆಲವು ಅಕ್ಷರದಿಂದ ಅಕ್ಷರಕ್ಕೆ. ಆಮೇಲೆ ಸ್ಟಾಪ್‌ವಾಚ್ ಹಿಡಿದು ಅಳೆದೋರು ಅಷ್ಟು ಕರಾರುವಾಕ್ಕಾಗಿ ಏನೂ ಇಲ್ಲ ಅಂದ್ರು, ಆದ್ರೆ ಕಿವಿಗೆ ವ್ಯತ್ಯಾಸ ಕೇಳೋದಂತೂ ನಿಜ. 1998ರಲ್ಲಿ ಫ್ರಾನ್ಸಲ್ಲಿ ಆಗ ತಾನೆ ಹುಟ್ಟಿದ ಕೂಸುಗಳಿಗೆ ಪದ ಗೊತ್ತಾಗದ ಹಾಗೆ ಮಸುಕು ಮಾಡಿದ ಧ್ವನಿ ಕೇಳಿಸಿದ್ರೆ ಇಂಗ್ಲಿಷ್ ಬೇರೆ ಜಪಾನಿ ಬೇರೆ ಅಂತ ಕಂಡುಹಿಡಿದ್ವು, ಇಂಗ್ಲಿಷಿಗೂ ಡಚ್ಚಿಗೂ ಮಾತ್ರ ಗೊತ್ತಾಗ್ಲಿಲ್ಲ, ಅವೆರಡರ ನಡಿಗೆ ಒಂದೇ. ಅಳೋದ್ರಲ್ಲೂ ಇದೆ ಕಣ್ರೀ, 2009ರಲ್ಲಿ 60 ಕೂಸುಗಳ ಅಳು ರೆಕಾರ್ಡ್ ಮಾಡಿದ್ರೆ ಫ್ರೆಂಚ್ ಮಕ್ಕಳ ಅಳು ಮೇಲಕ್ಕೆ ಏರ್ತಿತ್ತಂತೆ, ಜರ್ಮನ್ ಮಕ್ಕಳದ್ದು ಕೆಳಕ್ಕೆ ಇಳೀತಿತ್ತಂತೆ, ಅಮ್ಮನ ಮಾತಿನ ಹಾಗೇ. ಹೊಟ್ಟೇಲಿದ್ದಾಗ ಪದ ಸ್ಪಷ್ಟವಾಗಿ ಕೇಳಲ್ಲ, ಲಯ ಕೇಳುತ್ತೆ. ಮಾತಿಗಿಂತ ಮೊದಲು ಬಂದಿದ್ದು ಅದು, ಹಂಗಾಗಿ ಮಾತು ಹೋದ ಮೇಲೂ ಉಳ್ಕೊಳ್ಳುತ್ತೇನೋ ಅಂತ ನನಗನ್ಸುತ್ತೆ, ಇದು ನನ್ನ ಊಹೆ ಅಷ್ಟೆ.

ಒಂದು ಭಾನುವಾರ ಕೂತು ನೋಟ್‌ಬುಕ್ಕಲ್ಲಿ ಮಾವನಿಗೆ ದಿನಾ ಬೇಕಾಗೋ ಆರು ಸಾಲು ಬರ್ದು ಪ್ರಸ್ತಾರ ಹಾಕ್ದೆ. ಕಾಫಿ ಕೊಡು: ಎರಡು ಒಂದು, ಒಂದು ಒಂದು, ಒಟ್ಟು ಐದು, ಮೂರು ಎರಡಾಗಿ ಒಡೆಯುತ್ತೆ. ನೀರು ಕೊಡು, ಅದೂ ಮೂರು ಎರಡು. ಊಟ ಆಯ್ತು, ಮೂರು ಮೂರು. ನೋಡಿದ ತಕ್ಷಣ ನನ್ನ ಮೃದಂಗದ ಮೇಷ್ಟ್ರು ನೆನಪಾದ್ರು, ತಕಿಟ ಅಂದ್ರೆ ಮೂರು, ತಕ ಅಂದ್ರೆ ಎರಡು, ತಕಿಟ ತಕ, ತಕಿಟ ತಕಿಟ, ಎಲ್ಲ ಇಲ್ಲೇ ಇದೆ. ಭಾಮಿನಿ ಷಟ್ಪದಿಯ ಮೂರು ನಾಕು ಮೂರು ನಾಕು ಹೆಜ್ಜೇನೂ ಮೃದಂಗದ ಮಿಶ್ರ ಚಾಪೂ ಒಂದೇ ಲೆಕ್ಕ, ತಕಿಟ ತಕಧಿಮಿ, ಇದು ಅವತ್ತೇ ಹೊಳೆದಿದ್ದು, ಯಾರೂ ಹೇಳಿಕೊಟ್ಟಿರ್ಲಿಲ್ಲ ಅಂತ ಸಿಟ್ಟೂ ಬಂತು. (ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತ ಕಂಡಕ್ಟರ್ ಕೂಗೋದನ್ನ ಲೆಕ್ಕ ಹಾಕಿ, ಐದೈದು ಮಾತ್ರೆ. ಹತ್ತು ಸಲ ಕೇಳಿದ ಮೇಲೆ ಅದು ಹಾಡಾಗುತ್ತೆ, ಆ ಮಾಯೆಗೂ ಹೆಸರಿದೆ, ಸ್ಪೀಚ್-ಟು-ಸಾಂಗ್ ಇಲ್ಯೂಷನ್, ಡಯಾನಾ ಡಾಯ್ಚ್ ಅನ್ನೋ ವಿಜ್ಞಾನಿ 1995ರಲ್ಲಿ ತಮ್ಮದೇ ಮಾತಿನ ರೆಕಾರ್ಡಿಂಗ್ ಎಡಿಟ್ ಮಾಡ್ತಾ ಒಂದು ತುಣುಕು ತಿರುಗಿ ತಿರುಗಿ ಓಡಿದಾಗ ಯಾರೋ ಹಾಡ್ತಿದ್ದಾರಲ್ಲ ಅಂತ ಬೆಚ್ಚಿಬಿದ್ದು ಕಂಡುಹಿಡಿದಿದ್ದು.)

ನೋಟ್‌ಬುಕ್ ತಗೊಂಡೋಗಿ ಥೆರಪಿಸ್ಟಿಗೆ ತೋರಿಸಿದೆ, ಬೈತಾಳೇನೋ ಅಂದ್ಕೊಂಡಿದ್ದೆ, ಅವಳು ಟ್ರೈ ಮಾಡೋಣ ಸರ್ ಅಂದ್ಲು. ಸ್ವರ ಬಿಟ್ವಿ. ಅಕ್ಷರಕ್ಕೊಂದು ತಟ್ಟೋದು ಬಿಟ್ವಿ, ಗುಂಪಿನ ಮೊದಲಿಗೆ ಒಂದು ತಟ್ಟು. ಟಕ್, ಕಾಫಿ, ಟಕ್, ಕೊಡು. ಮೊದಲ ವಾರ ಏನೂ ಇಲ್ಲ, ಟಕ್ ಅದೇ ಟಕ್ ಅದೇ. ಎರಡನೇ ವಾರ "ಕಾ". ಹೀಗೇ ಎಳೆದು ಎಳೆದು ಆರನೇ ವಾರದಲ್ಲಿ ಒಂದು ಸಂಜೆ ಟೇಬಲ್ ಮೇಲೆ ಎಡಗೈ ಎರಡು ಸಲ ತಟ್ಟಿ "ಕಾಫಿ ಕೊಡು" ಅಂದ್ರು, ಅತ್ತೆ ಕೊಟ್ಟಿದ್ದು ಆ ದಿನದ ನಾಕನೇ ಕಾಫಿ, ಶುಗರ್ ಇದೆ ಅನ್ನೋದು ಯಾರಿಗೂ ನೆನಪಾಗ್ಲಿಲ್ಲ. ಪ್ರಸ್ತಾರದಿಂದ ಬಂತಾ, ಥೆರಪಿಸ್ಟ್ ಕೈಗುಣಾನಾ, ಅಥ್ವಾ ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳು ತಾನಾಗೇ ಸುಧಾರಿಸುತ್ತಲ್ಲ ಅದಾ, ಒಬ್ಬರನ್ನ ನೋಡಿ ಹೇಳೋಕೆ ಬರಲ್ಲ. ನನ್ನ ಪ್ರಸ್ತಾರ ಓದಿ ಯಾರೂ ಡಾಕ್ಟ್ರನ್ನ ಬಿಟ್ಟು ನೋಟ್‌ಬುಕ್ ಹಿಡೀಬೇಡಿ.

ತಟ್ಟೋ ವೇಗದ ಬಗ್ಗೆ ಒಂದು ಮಾತು. ಮಗ್ಗಿ ಹೇಳುವಾಗ ಮಾವ ಒಂದು ಸಾಲಿಗೆ ನಾಕು ಸಲ ತಟ್ತಾರೆ, ಫೋನಲ್ಲಿ ಅಳೆದೆ, ಹತ್ತು ಸಾಲಿಗೆ ಸುಮಾರು 20 ಸೆಕೆಂಡು, ಅಂದ್ರೆ ಸೆಕೆಂಡಿಗೆ ಎರಡು ತಟ್ಟು. 2017ರಲ್ಲಿ ಒಂದಷ್ಟು ಭಾಷೆಗಳ ಮಾತು ಮತ್ತು ಪಾಶ್ಚಾತ್ಯ ಸಂಗೀತದ ಏರಿಳಿತ ಅಳೆದೋರಿಗೆ ಮಾತು ಸೆಕೆಂಡಿಗೆ ಐದರ ಆಸುಪಾಸು, ಸಂಗೀತ ಎರಡರ ಆಸುಪಾಸು ಅಂತ ಸಿಕ್ಕಿತ್ತು. ಮಾವನ ಬಾಯಿ ಮಾತಿನ ಓಟ ಓಡೋಕಾಗದೆ ಸಂಗೀತದ ಹೆಜ್ಜೆಗೆ ಇಳಿದಿದೆ ಅಂತ ನಾನು ಅತ್ತೆಗೆ ದೊಡ್ಡದಾಗಿ ವಿವರಿಸಿದೆ, ಅವರು "ಸ್ಕೂಲಲ್ಲಿ ಬೆತ್ತ ತಟ್ತಿದ್ದಿದ್ದೂ ಅಷ್ಟೇ ಸ್ಪೀಡು ಕಣೋ" ಅಂದ್ರು. ಅದೂ ಸರಿಯೇ.

ಈಗ ಆರೂ ಸಾಲು ಬರುತ್ತೆ. ತಟ್ಟದೆ ಬರಲ್ಲ. ಕೈ ಹಿಡ್ಕೊಂಡ್ರೆ ಮಾತು ನಿಂತೋಗುತ್ತೆ, ಒಂದ್ಸಲ ನನ್ನ ಮಗಳು ಆಟಕ್ಕೆ ತಾತನ ಕೈ ಗಟ್ಟಿಯಾಗಿ ಹಿಡ್ಕೊಂಡಾಗ ಗೊತ್ತಾಗಿದ್ದು, ಬಾಯಿ ತೆಗೆದೋರು ಹಾಗೇ ಅವಳ ಮುಖ ನೋಡ್ತಾ ಕೂತಿದ್ರು, ಬಿಟ್ಟ ತಕ್ಷಣ ಟಕ್, "ನೀರು", ಟಕ್, "ಕೊಡು".

ಹೋದ ವಾರ ಫೋನ್ ಮಾಡಿದೆ. ಅತ್ತೆ ಸ್ಪೀಕರ್ ಹಾಕಿ ಮಾವನ ಮುಂದಿಟ್ರು. ಹೇಗಿದ್ದೀರಾ ಮಾವ ಅಂದೆ, "ಅದೇ" ಅಂದ್ರು. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಟೇಬಲ್ ಮೇಲೆ ಟಕ್ ಅಂತ ಕೇಳಿಸ್ತು. ಕಾಫಿ ಬರುತ್ತೆ ಅಂತ ಕಾಯ್ತಿದ್ದೆ. "ಮಳೆ", ಟಕ್, "ಬಂತು". ಅದು ನನ್ನ ನೋಟ್‌ಬುಕ್ಕಲ್ಲೇ ಇಲ್ಲ! ಎರಡು ಮೂರು, ಕಾಫಿ ಕೊಡು ಉಲ್ಟಾ. ಮಾವ ಏನಂದ್ರಿ, ಇನ್ನೊಂದ್ಸಲ ಹೇಳಿ ಅಂತ ನಾನಿಲ್ಲಿ ಆಫೀಸ್ ಕಾರಿಡಾರಲ್ಲಿ ಕಿರುಚ್ತಿದ್ರೆ ಹಿಂದಿಂದ ಅತ್ತೆ ಧ್ವನಿ, "ಎಲ್ಲಿ ಮಳೆ, ಟ್ಯಾಂಕ್ ತುಂಬಿ ನೀರು ಸುರೀತಾ ಇದೆ, ರೀ ನೀವು ಸುಮ್ನಿರಿ, ನಾನು ಮೋಟ್ರು ಆಫ್ ಮಾಡಿ ಬರ್ತೀನಿ."